ಸ್ವಲ್ಪ ದಗದ ಅದ

ವಾಡಿ ಜಂಕ್ಷನ್ನಿನಲ್ಲಿ ಸೇಡಂ ಕಡೆಯ ಗಾಡಿಗೆ ಕಾಯುತ್ತಿದ್ದೆ. ಬೆಂಚಿನ ಆ ತುದಿಗೆ ಇಬ್ಬರು ಹಿರಿಯರು. ಒಬ್ಬರು ಕೇಳಿದರು: "ರಿಟೈರ್ ಆಗಿ ಎರಡ್ ವರ್ಷ ಆತಲ್ರಿ, ಈಗ ಖಾಲೀನೇ ಏನು?" ಇನ್ನೊಬ್ಬರು ಟವೆಲಿನಿಂದ ಕತ್ತು ಒರೆಸಿಕೊಂಡು, "ಖಾಲಿ ಯಾಕ ಇರ್ಲಿ? ನೌಕ್ರಿ ಮುಗದಾದ. ದಗದ ಎಲ್ಲಿ ಮುಗೀತದ?" ಎಂದರು. ಎದುರಿಗೆ ನಿಂತಿದ್ದ ಹುಡುಗ ಕಿವಿಯೊಳಗಿನ ಬಿರಡೆ ತೆಗೆದು, "ದಗದ ಅಂದ್ರ ಜಾಬ್ ಏನ್ರಿ ಅಂಕಲ್?" ಅಂದ.

ಅಂಕಲ್! ಶಹಾಬಾದಿನಿಂದ ಚಿಂಚೋಳಿಯವರೆಗೆ ಕಾಕಾ, ಮಾಮಾ ಎನ್ನಿಸಿಕೊಂಡು ಬಾಳಿದವರು ಈಗ ಸಾರಾಸಗಟಾಗಿ ಅಂಕಲ್ ಆಗಿದ್ದಾರೆ. ಅದನ್ನು ಇನ್ನೊಮ್ಮೆ ಗೊಣಗುತ್ತೇನೆ. ನನಗೆ ಆ ದಿನ ಚುಚ್ಚಿದ್ದು ದಗದದ ಪಕ್ಕಕ್ಕೆ ಜಾಬನ್ನು ತಂದು ಕೂಡಿಸಿದ್ದು.

ನೌಕರಿಗೆ ಹಾಜರಿ ಪುಸ್ತಕ ಇರುತ್ತದೆ, ಬಡ್ತಿ ಇರುತ್ತದೆ, ಕೊನೆಗೊಂದು ದಿನ ಶಾಲು, ಹಣ್ಣಿನ ಬುಟ್ಟಿ, ಫ್ಲೆಕ್ಸು ಇರುತ್ತದೆ. ರಾಜ್ಯ ಸರ್ಕಾರದವರಿಗೆ ಆ ದಿನ 58ಕ್ಕೆ ಬರುತ್ತಿತ್ತು, 2008ರಿಂದ 60ಕ್ಕೆ ಬರುತ್ತದೆ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿಯೂ ಇದೆ. ದಗದಕ್ಕೆ ಇದ್ಯಾವುದೂ ಇಲ್ಲ. ಮಾಜಿ ನೌಕರ ಇರುತ್ತಾನೆ, ನಿವೃತ್ತ ನೌಕರ ಇರುತ್ತಾನೆ; ನಿವೃತ್ತ ದಗದ ಎಂದು ಯಾರಾದರೂ ಅಂದದ್ದು ಕೇಳಿದ್ದೀರಾ? ಚಿಂಚೋಳಿ ತಾಲ್ಲೂಕಿನ ಮುದುಕ ತೊಗರಿ ರಾಶಿಯ ದಿನ ಕಣದಲ್ಲಿ ಕುಂತು ಬರೀ ಕೋಳಿ ಓಡಿಸುತ್ತಿದ್ದರೂ ಅದು ದಗದವೇ.

ಪದ ಎಲ್ಲಿಂದ ಬಂತು ಎಂದರೆ ಪಂಡಿತರು ಮರಾಠಿಯ ಕಡೆ ಕೈ ತೋರಿಸಿಯಾರು. ತೋರಿಸಲಿ. ನನ್ನ ಲೆಕ್ಕ ಬೇರೆ. ದಗದ ಹುಟ್ಟಿದ್ದು ಧಗೆಯಲ್ಲಿ. ಮೇ ತಿಂಗಳ ಮಟಮಟ ಮಧ್ಯಾಹ್ನ ಶಹಾಬಾದಿನ ಒಂದು ಪರ್ಸಿ ಖಣಿಯ ಅಂಚಿಗೆ ಹೋಗಿ ನಿಲ್ಲಿರಿ. ಮೇಲೆ ಬಿಸಿಲು, ಕೆಳಗೆ ಕಲ್ಲಿನಿಂದ ಪುಟಿದು ಮುಖಕ್ಕೆ ಹೊಡೆಯುವ ಬಿಸಿಲು. ಕಲ್ಲು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಮಲಗಿರುತ್ತದೆ. ಪದರದ ಸಂದಿಗೆ ಉಳಿ ಇಟ್ಟು ಒಂದೇ ಹದದಲ್ಲಿ ಬಡಿಯುತ್ತ ಹೋಗಬೇಕು. ಹದ ತಪ್ಪಿದರೆ ಚಪ್ಪಡಿ ಎರಡಾಗುತ್ತದೆ, ಹದ ಸಿಕ್ಕರೆ ಹಾರಿ ಹಾಕಿ ಮೀಟಿದಾಗ ಹಾಸಿಗೆ ಸುರುಳಿ ಬಿಚ್ಚಿದಷ್ಟು ಸಲೀಸಾಗಿ ಏಳುತ್ತದೆ. ಇಷ್ಟು ಬೆಂದು ತೆಗೆದ ಕಲ್ಲು ಮನೆಯೊಳಗೆ ಹೋದ ಮೇಲೆ ತಂಪು. ನಾವೆಲ್ಲ ಬೇಸಿಗೆಯಲ್ಲಿ ಅಂಗಿ ಕಳಚಿ ಅದರ ಮೇಲೆಯೇ ಬೆನ್ನು ಚೆಲ್ಲಿ ಬೆಳೆದವರು. ಧಗಧಗ, ಧಗೆ, ದಗದ. ಒಪ್ಪದವರು ಬೆಂಗಳೂರಿನ ತಂಪಿನಲ್ಲಿ ಕುಳಿತು "ಕೆಲಸ" ಎನ್ನಲಿ, ನನ್ನ ತಕರಾರಿಲ್ಲ.

ವಾಡಿ ನಿಲ್ದಾಣದಲ್ಲಿ ಕೂತವನಿಗೆ ನಿಜಾಮರ ನೆನಪಾಗದೆ ಇರದು. ಸಿಕಂದರಾಬಾದಿನಿಂದ ಅವರ ರೈಲು ಬಂದು ಮುಂಬೈ ದಾರಿಗೆ ಇಲ್ಲಿ ಕೂಡಿಕೊಂಡದ್ದು 1874ರಲ್ಲಿ. ಆ ರಾಜ್ಯದ ದಫ್ತರಿನ ಉರ್ದುವಿನಲ್ಲಿ ಪಿಂಚಣಿಗೆ ವಜೀಫಾ ಎನ್ನುತ್ತಿದ್ದರು. ಅದೇ ವಜೀಫಾ ಓದುವ ಹುಡುಗನಿಗೆ ಕೊಡುವ ವಿದ್ಯಾರ್ಥಿವೇತನವೂ ಹೌದು. ಅದೇ ಪದ, ದಿನಾ ತಪ್ಪದೆ ಮಾಡುವ ಜಪಕ್ಕೂ. ಎಂಥ ಪದ ನೋಡಿರಿ! ಮುದುಕನನ್ನು ತಿರುಗಿ ಶಾಲೆಗೆ ಹಾಕಿ, ಕೈಗೊಂದು ಜಪಮಾಲೆಯನ್ನೂ ಕೊಟ್ಟುಬಿಡುತ್ತದೆ. ಇಂಥದನ್ನು ಕಳಕೊಂಡು ನಾವು "ಪೆನ್ಷನ್ ಸೆಟ್ಲ್ ಆತೇನ್ರಿ" ಎನ್ನುತ್ತಿದ್ದೇವೆ.

ನಿವೃತ್ತಿಯ ಮಾತು ಬಂದಾಗ ಸೇಡಂ ತಾಲ್ಲೂಕಿನವರು ತಲೆ ಎತ್ತಿ ಕೂರಬಹುದು. ಕಾಗಿಣಾ ದಂಡೆಯ ಮಳಖೇಡದಲ್ಲಿ ಅರವತ್ತಕ್ಕೂ ಹೆಚ್ಚು ವರ್ಷ ಆಳಿದ ಅಮೋಘವರ್ಷ ನೃಪತುಂಗ ವಿವೇಕ ಮೂಡಿ ರಾಜ್ಯ ಬಿಟ್ಟನೆಂದು 'ಪ್ರಶ್ನೋತ್ತರ ರತ್ನಮಾಲಿಕೆ'ಯ ಕೊನೆಗೆ ಇದೆ. ಕೃತಿ ಅವನದೇ ಎಂದು ನಮ್ಮವರು. ಶಂಕರರದು ಎನ್ನುವವರೂ ಇದ್ದಾರೆ. ನಾನಂತೂ ಬಿಟ್ಟುಕೊಡುವವನಲ್ಲ. ಸಿಂಹಾಸನದಿಂದ ಇಳಿದವನು ಪ್ರಶ್ನೆಗಳನ್ನು ತಾನೇ ಹಾಕಿಕೊಂಡು ತಾನೇ ಉತ್ತರ ಕೊಟ್ಟುಕೊಂಡ. ಮನೆಯವರಿಗೆ ಎಷ್ಟು ನಿರುಮ್ಮಳ!

ಏಕೆಂದರೆ ಎಲ್ಲರೂ ಅಮೋಘವರ್ಷನ ಹಾಗೆ ಇಳಿಯುವುದಿಲ್ಲ. ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದನಂತೆ ಎಂಬ ಗಾದೆಯನ್ನು ನಮ್ಮ ಮಾಸ್ತರರು ತರಗತಿಯಲ್ಲಿ ಅಂಡಿನ ಬದಲು ಬೆನ್ನು ಎಂದು ತಿದ್ದಿ ಹೇಳುತ್ತಿದ್ದರು. ನಾವು ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು. ಈಗ ಯೋಚಿಸಿದರೆ ಆ ಗಾದೆಯಲ್ಲಿ ನಗುವುದಕ್ಕಿಂತ ಹೆಚ್ಚಿನದು ಇದೆ. ಮೊದಲನೆಯದು, ಬಡಗಿ ಸೋಮಾರಿಯಲ್ಲ. ಸೋಮಾರಿಯಾಗಿದ್ದರೆ ಗೋಡೆಗೊರಗಿ ನಿದ್ದೆ ಹೊಡೆಯುತ್ತಿದ್ದ, ಮಗು ಉಳಿಯುತ್ತಿತ್ತು. ಎರಡನೆಯದು, ತಪ್ಪು ಅವನ ಕೈಯದು. ಮೂವತ್ತು ವರ್ಷ ಉಳಿ ಹಿಡಿದ ಕೈಗೆ ಯಾರೂ ಹೇಳಿಲ್ಲ, ಇನ್ನು ಸಾಕು ಎಂದು. ಮೂರನೆಯದು, ಮನೆಯಲ್ಲಿ ಬಡಗಿಯ ಹೆಂಡತಿಯೂ ಇದ್ದಳು. ಗಾದೆ ಅವಳ ಮಾತೇ ಎತ್ತುವುದಿಲ್ಲ. ನನ್ನ ಪ್ರಕಾರ ಗಾದೆ ಕಟ್ಟಿದವಳೇ ಅವಳು.

ಈ ಅನುಮಾನ ನನಗೆ ಬಂದದ್ದು ನಮ್ಮ ಕಾಕಾ ಅವರನ್ನು ನೋಡಿ. ಶಹಾಬಾದಿನ ಸಿಮೆಂಟ್ ಕಾರ್ಖಾನೆ ಹಳೆಯದು. 1936ರಲ್ಲಿ ಹತ್ತು ಕಂಪನಿ ಕೂಡಿ ಎಸಿಸಿ ಆದಾಗ ಶಹಾಬಾದಿನದೂ ಅದರಲ್ಲಿ ಒಂದು. ಕಾಕಾ ಅಲ್ಲಿ ಫಿಟ್ಟರ್. ಊರು ಏಳುತ್ತಿದ್ದದ್ದು, ಉಣ್ಣುತ್ತಿದ್ದದ್ದು, ಗಡಿಯಾರ ಹೊಂದಿಸುತ್ತಿದ್ದದ್ದು ಕಾರ್ಖಾನೆಯ ಭೋಂಗಾ ಕೂಗಿಗೆ. ರಿಟೈರ್ ಆದ ಮೊದಲ ತಿಂಗಳು ಅವರು ಮನೆಯ ಬಾಗಿಲ ತಿರುಗಣಿಗಳನ್ನೆಲ್ಲ ಬಿಚ್ಚಿ ಎಣ್ಣೆ ಹಾಕಿದರು. ಎರಡನೇ ತಿಂಗಳು ಕಾಕಿಯ ಗಿರಣಿ ಡಬ್ಬಿಗಳ ಮುಚ್ಚಳ ಸಡಿಲವೆಂದು ಬಡಿದು ಬಿಗಿ ಮಾಡಿದರು, ಆಮೇಲೆ ಯಾರಿಂದಲೂ ತೆಗೆಯಲಾಗಲಿಲ್ಲ. ಮೂರನೇ ತಿಂಗಳು ಕಾಕಿ ಒಲೆಯ ಮುಂದಿನಿಂದಲೇ, "ನಿಮಗ ಹೊರಗ ಏನೂ ದಗದ ಇಲ್ಲೇನ್ರಿ?" ಎಂದರು.

ಮರುದಿನದಿಂದ ಕಾಕಾ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಹೊರಡತೊಡಗಿದರು. ಯಾರು ಮಾತಾಡಿಸಿದರೂ ಒಂದೇ ಉತ್ತರ: "ಸ್ವಲ್ಪ ದಗದ ಅದ." ದಗದದ ದೊಡ್ಡ ಗುಣವೇ ಇದು. ಅದನ್ನು ಅಂದಮೇಲೆ ಏನು, ಎಲ್ಲಿ, ಎಷ್ಟು ಸಂಬಳ ಎಂದು ಯಾರೂ ಮುಂದೆ ಕೇಳುವುದಿಲ್ಲ. ಹೊರಗೆ ಬೀಳಬೇಕಾದವನಿಗೆ ಅದೊಂದು ಬಾಗಿಲು. ಜಾಬ್ ಇದೆ ಎಂದು ಹೇಳಿ ನೋಡಿರಿ, ಪ್ಯಾಕೇಜು ಎಷ್ಟು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ.

ಒಂದು ದಿನ ನಾನು ಅವರ ಹಿಂದೆಯೇ ಹೋದೆ. ಅಷ್ಟೊತ್ತಿಗೆ ಕಾರ್ಖಾನೆ ನಿಂತು ಭೋಂಗಾ ಕೂಗುವುದೂ ನಿಂತಿತ್ತು. ಕಾಕಾ ಸ್ಟೇಷನ್ ಕಡೆಯ ಚಹಾದ ಹೋಟೆಲಿಗೆ ಹೋದರು. ಕುರ್ಚಿ ಎಳೆದು ಅದರ ಮೇಲೆ ಹತ್ತಿ, ಗೋಡೆ ಗಡಿಯಾರ ಇಳಿಸಿ, ಕೈಗಡಿಯಾರ ನೋಡಿ ಮುಳ್ಳನ್ನು ಎರಡು ನಿಮಿಷ ಮುಂದೆ ತಳ್ಳಿ, ಅಂಗಿಯ ತುದಿಯಿಂದ ಗಾಜು ಒರೆಸಿ, ತಿರುಗಿ ಮೊಳೆಗೆ ಹಾಕಿದರು. ಪಕ್ಕದ ಕಟಿಂಗ್ ಅಂಗಡಿಯಲ್ಲೂ ಅಷ್ಟೇ, ಅದರಾಚೆಯ ಔಷಧದ ಅಂಗಡಿಯಲ್ಲೂ ಅಷ್ಟೇ. ಆಮೇಲೆ ಹೋಟೆಲಿಗೆ ಮರಳಿ ಬಂದರು.

"ಇವತ್ತ ಜಲ್ದಿ ಮುಗೀತಲ್ರಿ ಕಾಕಾ?" ಎಂದ ಹೋಟೆಲಿನವನು.

"ಎಲ್ಲಿ ಮುಗೀತಪಾ," ಎಂದು ಕಾಕಾ ಚಹಾ ಬಸಿಗೆ ಸುರುವಿಕೊಂಡರು. "ಪೋಸ್ಟ್ ಆಫೀಸಿಂದು ಇನ್ನೂ ಅದ."