ವರ್ಣದ್ರವ್ಯವಿಲ್ಲದ ನೀಲಿ: ನೀಲಕಂಠದ ಗರಿ ಮತ್ತು ಸೌರಕೋಶದ ಮೇಲ್ಮೈ

ಕುಣಿಗಲ್ ಸುತ್ತಿನ ಬಯಲುಗಳಲ್ಲಿ ವಿದ್ಯುತ್ ತಂತಿಯ ಮೇಲೆ ಕೂರುವ ನೀಲಕಂಠ ನಮ್ಮ ರಾಜ್ಯಪಕ್ಷಿ. ಅದರ ರೆಕ್ಕೆಯ ನೀಲಿಗೂ ಸೌರಫಲಕಗಳ ಬಹುಸ್ಫಟಿಕ ಸಿಲಿಕಾನ್ ಕೋಶದ ನೀಲಿಗೂ ನೀಲಿ ವರ್ಣದ್ರವ್ಯ ಕಾರಣವಲ್ಲ. ಎರಡೂ ಬೆಳಕಿನ ತರಂಗಾಂತರಕ್ಕಿಂತ ಕಿರಿದಾದ ರಚನೆಯಿಂದ ಹುಟ್ಟಿದವು. ಆ ರಚನೆಯ ಕ್ರಮಬದ್ಧತೆಯಷ್ಟೇ ಅದರ ಅಕ್ರಮವೂ ಉಪಯುಕ್ತವೆಂಬುದು ಈ ಲೇಖನದ ವಾದ.

ಸಿ. ವಿ. ರಾಮನ್ 1934ರಲ್ಲಿ, ತಾವೇ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲಿ, ಈ ಹಕ್ಕಿಯ ಗರಿಯ ಬಣ್ಣವನ್ನು ಚರ್ಚಿಸಿದರು. ಸೂಕ್ಷ್ಮ ಕಣಗಳು ಬೆಳಕನ್ನು ಚದುರಿಸುತ್ತವೆ ಎಂಬ ಸರಳ ವಿವರಣೆ ಅವರಿಗೆ ಸಾಕೆನಿಸಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಳಕೆಗೆ ಬರುವ ಮುನ್ನವೇ ಮೂಡಿದ ಈ ಸಂದೇಹ ನನ್ನ ದೃಷ್ಟಿಯಲ್ಲಿ ಆ ಬರಹದ ದೊಡ್ಡ ಗುಣ. 1998ರಲ್ಲಿ ರಿಚರ್ಡ್ ಪ್ರಮ್ ಮತ್ತು ಸಂಗಡಿಗರು ಕೊಟಿಂಗಾ ಎಂಬ ಬೇರೊಂದು ನೀಲಿ ಹಕ್ಕಿಯ ಗರಿಯನ್ನು ಪರೀಕ್ಷಿಸಿ, ಕೆರಾಟಿನ್ ಮತ್ತು ಗಾಳಿ ಹೆಣೆದುಕೊಂಡ ಸ್ಪಂಜಿನಂಥ ಜಾಲದಲ್ಲಿ ಚದುರಿದ ಅಲೆಗಳು ಪರಸ್ಪರ ಕೂಡಿ ನೀಲಿಯನ್ನು ಬಲಪಡಿಸುತ್ತವೆಂದು ತೋರಿಸಿದರು. ಲೆಕ್ಕ ಸುಲಭ: ಸರಾಸರಿ ವಕ್ರೀಭವನಾಂಕ 1.3, ಜಾಲದ ಅಂತರ 180 ನ್ಯಾನೋಮೀಟರ್ ಎಂದು ಹಿಡಿದರೆ, ಎರಡರ ಗುಣಲಬ್ಧದ ಇಮ್ಮಡಿ 468 ನ್ಯಾನೋಮೀಟರ್; ಅದು ನೀಲಿ. ಅಂತರ ಹತ್ತಿರದಲ್ಲಿ ಮಾತ್ರ ಸಮ, ದೂರಕ್ಕೆ ಹೋದಂತೆ ಅಸ್ತವ್ಯಸ್ತ. ಆದ್ದರಿಂದಲೇ ಆಕಾಶದ ಹರಡಿದ ಬೆಳಕಿನಲ್ಲಿ ಈ ಬಗೆಯ ಗರಿಯನ್ನು ಯಾವ ದಿಕ್ಕಿನಿಂದ ನೋಡಿದರೂ ಬಣ್ಣ ಹೆಚ್ಚುಕಡಿಮೆ ಒಂದೇ.

ಸೌರಕೋಶದ ಗುರಿ ಇದಕ್ಕೆ ವಿರುದ್ಧ: ಬೆಳಕು ಮರಳಬಾರದು. ಬರಿಯ ಸಿಲಿಕಾನ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಪ್ರತಿಫಲಿಸುತ್ತದೆ. ಸುಮಾರು 75 ನ್ಯಾನೋಮೀಟರ್ ದಪ್ಪದ ಸಿಲಿಕಾನ್ ನೈಟ್ರೈಡ್ ಲೇಪ 600 ನ್ಯಾನೋಮೀಟರ್ ಸುತ್ತಿನ ಬೆಳಕನ್ನು ಒಳಗೆ ಬಿಡುತ್ತದೆ. ಹೊರಗುಳಿದ ನೀಲಿಯೇ ನಮಗೆ ಕಾಣುವುದು. ಲೇಪದ ಹೊಂದಾಣಿಕೆ ಒಂದು ತರಂಗಾಂತರಕ್ಕೆ, ಒಂದು ಕೋನಕ್ಕೆ ಸೀಮಿತ. ಆದರೆ ಸೌರಫಲಕಗಳು ಹರಡಿರುವ ಪಾವಗಡದ ಬಯಲಲ್ಲಿ ಸೂರ್ಯ ಬೆಳಗಿನಿಂದ ಸಂಜೆಯವರೆಗೆ ಕೋನ ಬದಲಿಸುತ್ತಲೇ ಇರುತ್ತಾನೆ.

ಇಲ್ಲಿ ಅಕ್ರಮ ನೆರವಿಗೆ ಬರುತ್ತದೆ. ಮೇಲ್ಮೈಯಲ್ಲಿ ಸೂಕ್ಷ್ಮ ಸೂಜಿಮೊನೆಗಳನ್ನು ಮೂಡಿಸಿದ ಸಿಲಿಕಾನಿಗೆ ‘ಕಪ್ಪು ಸಿಲಿಕಾನ್’ ಎಂದು ಹೆಸರು. ಈ ಮೊನೆಗಳಿಗೆ ಒಂದೇ ಎತ್ತರವಿಲ್ಲ, ಸಾಲಿನ ಶಿಸ್ತಿಲ್ಲ. ಗಾಳಿಯಿಂದ ಸಿಲಿಕಾನಿಗೆ ವಕ್ರೀಭವನಾಂಕ ಮೆಲ್ಲಗೆ ಏರುವುದರಿಂದ ಓರೆಯಾಗಿ ಬಂದ ಬೆಳಕೂ ಒಳಸೇರುತ್ತದೆ. ತೊಡಕೆಂದರೆ, ಮೇಲ್ಮೈ ವಿಸ್ತಾರ ಹೆಚ್ಚಿದಷ್ಟೂ ಬೆಳಕಿನಿಂದ ಹುಟ್ಟಿದ ಎಲೆಕ್ಟ್ರಾನುಗಳು ಅಲ್ಲಿಯೇ ಹೆಚ್ಚು ನಷ್ಟವಾಗುತ್ತವೆ. 2015ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ತಂಡ ಸ್ಪೇನಿನ ಸಹಯೋಗಿಗಳೊಂದಿಗೆ, ಈ ನಷ್ಟ ತಗ್ಗಿಸಲು ಸೂಜಿಗಳಿಗೆ ಅಲ್ಯುಮಿನಾದ ತೆಳು ಹೊದಿಕೆ ಹಾಕಿ ಶೇ. 22.1 ದಕ್ಷತೆ ಪಡೆಯಿತು. ಈ ಸೂಜಿಗಳು ಫಲಕದ ಗಾಜಿನ ಕೆಳಗೇ ಉಳಿಯುತ್ತವೆ. ಒಣನಾಡಿನ ಧೂಳು ಅವನ್ನು ತಾಗದು. ಗಾಜಿನ ಮೇಲೆ ಕೂರುವ ಧೂಳಿನ ಸಮಸ್ಯೆಯನ್ನು ಮಾತ್ರ ಬೇರೆಯಾಗಿಯೇ ಬಗೆಹರಿಸಬೇಕು.