ಮಾರಿಷಸ್ಸಿನ ಡೋಡೋ, ಮದ್ದೂರಿನ ಹೆಜ್ಜಾರ್ಲೆ

1798ರಲ್ಲಿ ಟಿಪ್ಪುವಿನ ರಾಯಭಾರಿಗಳು ಫ್ರೆಂಚರ ನೆರವು ಕೋರಿ ಶ್ರೀರಂಗಪಟ್ಟಣದಿಂದ ಮಾರಿಷಸ್ಸಿಗೆ ಹೋದಾಗ ಅಲ್ಲಿನ ಡೋಡೋ ಹಕ್ಕಿ ಅಳಿದು ನೂರು ವರ್ಷ ಮೀರಿತ್ತು. ಆದರೆ ನಮ್ಮ ದೇಶ ಅದನ್ನು ಜೀವಂತವಾಗಿಯೇ ನೋಡಿತ್ತು. 1630ರ ಆಸುಪಾಸಿನಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ವರ್ತಕ ಸೂರತ್ತಿನಲ್ಲಿ ಎರಡು ಡೋಡೋಗಳನ್ನು ಕಂಡು ಬರೆದಿಟ್ಟಿದ್ದಾನೆ. ಮೊಗಲ್ ಆಸ್ಥಾನದ ಉಸ್ತಾದ್ ಮನ್ಸೂರನದೆನ್ನುವ ಡೋಡೋ ಚಿತ್ರವೊಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ.

ಡಚ್ಚರು ಮಾರಿಷಸ್ಸಿಗೆ ಬಂದಿಳಿದದ್ದು 1598ರಲ್ಲಿ. ಹೆಚ್ಚಿನ ವಿದ್ವಾಂಸರು ಒಪ್ಪುವಂತೆ ಡೋಡೋ ಕೊನೆಯದಾಗಿ ಕಣ್ಣಿಗೆ ಬಿದ್ದದ್ದು 1662ರಲ್ಲಿ. ಆಮೇಲೆ ಅದು ಎಷ್ಟರ ಮಟ್ಟಿಗೆ ಮರೆಯಾಯಿತೆಂದರೆ, 19ನೇ ಶತಮಾನದ ಆರಂಭದಲ್ಲಿ ಕೆಲವರು ಅದನ್ನು ನಾವಿಕರು ಕಟ್ಟಿದ ಕತೆಯೆಂದೇ ತಳ್ಳಿಹಾಕಿದ್ದರು. 1848ರಲ್ಲಿ ವಿಜ್ಞಾನಿಗಳಾದ ಸ್ಟ್ರಿಕ್‌ಲ್ಯಾಂಡ್ ಮತ್ತು ಮೆಲ್ವಿಲ್ ಆಕ್ಸ್‌ಫರ್ಡ್‌ನಲ್ಲಿ ಉಳಿದಿದ್ದ ತಲೆ ಮತ್ತು ಪಾದವನ್ನು ಪರೀಕ್ಷಿಸಿ, ಇದು ಪಾರಿವಾಳದ ಬಳಗದ್ದೆಂದು ತೋರಿಸಿದರು. 1865ರಲ್ಲಿ ಜಾರ್ಜ್ ಕ್ಲಾರ್ಕ್ ಮಾರಿಷಸ್ಸಿನ ಜೌಗಿನಲ್ಲಿ ಮೂಳೆಗಳ ರಾಶಿಯನ್ನೇ ಪತ್ತೆಹಚ್ಚಿದ. 2002ರ ಡಿಎನ್‌ಎ ಅಧ್ಯಯನದ ಪ್ರಕಾರ ಬದುಕಿರುವ ಹಕ್ಕಿಗಳಲ್ಲಿ ಡೋಡೋಗೆ ಹತ್ತಿರದ ಬಂಧು ನಿಕೋಬಾರ್ ಪಾರಿವಾಳ.

ಅಳಿದದ್ದು ಏಕೆ? ಹಕ್ಕಿ ದಡ್ಡ, ನಾವಿಕರು ಬಡಿದು ತಿಂದರು ಎಂಬುದು ಹಳೆಯ ಉತ್ತರ. ಈ ದಡ್ಡತನದ ಮಾತು ನನಗೆ ಒಪ್ಪಿಗೆಯಿಲ್ಲ. ನೆಲದ ಮೇಲೆ ಬೇಟೆಯಾಡುವ ಪ್ರಾಣಿಯೇ ಇಲ್ಲದ ನಾಡಿನಲ್ಲಿ ಹಾರಾಟವನ್ನೂ ಹೆದರಿಕೆಯನ್ನೂ ಬಿಟ್ಟುಕೊಟ್ಟದ್ದು ದಡ್ಡತನ ಹೇಗಾದೀತು? ಹಡಗಿನಿಂದ ಇಳಿದ ಹಂದಿ, ಇಲಿ, ಕೋತಿಗಳು ನೆಲದ ಗೂಡಿನ ಮೊಟ್ಟೆ ಮರಿಗಳಿಗೆ ಬಾಯಿ ಹಾಕಿದವು, ಜೊತೆಗೆ ಕಾಡೂ ಕರಗಿತು. ಬೇಟೆಗಿಂತ ಇದೇ ದೊಡ್ಡ ಹೊಡೆತವೆಂದು ಇಂದಿನ ಅಧ್ಯಯನಗಳು ಹೇಳುತ್ತವೆ. ಬೇರೆ ದ್ವೀಪಗಳ ಅಧ್ಯಯನಗಳೂ ಹೊರಗಿನಿಂದ ಬಂದದ್ದರತ್ತಲೇ ಬೆರಳು ಮಾಡಿದವು. 1968ರಲ್ಲಿ ವಿಜ್ಞಾನಿ ವಾರ್ನರ್ ಹವಾಯಿಯ ಹಕ್ಕಿಗಳ ಅಳಿವಿನಲ್ಲಿ ಹೊರಗಿನಿಂದ ಬಂದ ರೋಗಗಳ ಪಾಲನ್ನು ಎತ್ತಿ ತೋರಿಸಿದರು. 1987ರಲ್ಲಿ ಜೂಲಿ ಸ್ಯಾವಿಜ್, ಗುವಾಮ್‌ನ ಕಾಡುಹಕ್ಕಿಗಳನ್ನು ಮುಗಿಸಿದ್ದು ಹೊರಗಿನಿಂದ ಬಂದ ಕಂದು ಮರಹಾವು ಎಂದು ತೋರಿಸಿದರು. ಇವಕ್ಕೆಲ್ಲ ಹಿನ್ನೆಲೆಯಾಗಿ 1967ರಲ್ಲೇ ವಿಜ್ಞಾನಿಗಳಾದ ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್ ದ್ವೀಪಗಳ ಜೀವಲೋಕದ ಸಿದ್ಧಾಂತವನ್ನು ಮಂಡಿಸಿದ್ದರು. ಅದರಿಂದ ‘ದ್ವೀಪ’ ಕಡಲಿಗಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಹೊಲಗದ್ದೆಗಳ ನಡುವೆ ಉಳಿದ ತುಂಡು ಕಾಡೂ ಒಂದು ದ್ವೀಪವೇ ಆಯಿತು.

ಆ ಕಣ್ಣಿನಿಂದ ಮಂಡ್ಯ ಜಿಲ್ಲೆಯನ್ನು ನೋಡಿದರೆ ರಂಗನತಿಟ್ಟು ಮೊದಲು ಕಾಣುತ್ತದೆ. 1645ರಿಂದ 1648ರ ನಡುವೆ, ಅತ್ತ ಡೋಡೋ ಕ್ಷೀಣಿಸುತ್ತಿದ್ದ ಕಾಲದಲ್ಲೇ, ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ಈ ತಿಟ್ಟುಗಳು ಮೂಡಿದವೆನ್ನುತ್ತಾರೆ. ಸುತ್ತ ನೀರು, ನೀರಿನಲ್ಲಿ ಮೊಸಳೆ. ನೆಲದ ಬೇಟೆಗಾರರು ಗೂಡಿನವರೆಗೆ ಬರುವುದು ಕಷ್ಟ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಆದರೆ ಕೆಆರ್‌ಎಸ್ ಅಣೆಕಟ್ಟೆಯಿಂದ ಒಮ್ಮೆಗೇ ನೀರು ಬಿಟ್ಟ ವರ್ಷ ತಿಟ್ಟುಗಳು ಮುಳುಗುತ್ತವೆ, ತಗ್ಗಿನ ಗೂಡುಗಳು ಕೊಚ್ಚಿಹೋಗುತ್ತವೆ. ಹಕ್ಕಿಯನ್ನು ಕಾಯುವ ನೀರೇ ಅದಕ್ಕೆ ಕಂಟಕವೂ ಆಗುತ್ತದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಇಂಥ ನೀರಿನ ಕಾವಲಿಲ್ಲ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ, ಬಸರಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಳೆಯ ಊರು ಶಿಂಷಾ ದಂಡೆಯಲ್ಲಿತ್ತು, ಪ್ಲೇಗಿಗೆ ಹೆದರಿ ಜನ ಇತ್ತ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂಬುದು ಊರಿನವರ ಮಾತು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಅವರು ಇವನ್ನು ಕರೆಯುತ್ತಾರೆ. ಮರದಡಿ ಕೆರೆಗೋಡು ಹರಡಿ, ಬಿದ್ದ ಹಿಕ್ಕೆಯನ್ನು ಗೊಬ್ಬರ ಮಾಡಿಕೊಳ್ಳುವುದೂ ರೂಢಿ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ 1976ರಲ್ಲಿ ಈ ಹೆಜ್ಜಾರ್ಲೆ ನೆಲೆಯನ್ನು ಗುರುತಿಸಿ ಲೋಕಕ್ಕೆ ಪರಿಚಯಿಸಿದರು. ಗೂಡಿನ ಕಾಲಕ್ಕೂ ಹುಣಸೆ ಕೊಯ್ಲಿಗೂ ತಾಳೆಯಾಗದ್ದರಿಂದ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಆರಂಭವಾಯಿತು. 1994ರಲ್ಲಿ ಹುಟ್ಟಿದ ಹೆಜ್ಜಾರ್ಲೆ ಬಳಗ ಗೂಡಿನಿಂದ ಬಿದ್ದ ಮರಿಗಳನ್ನು ಸಾಕುವ ಕೆಲಸಕ್ಕೆ ಇಳಿಯಿತು. 2007ರಲ್ಲಿ ಕೊಕ್ಕರೆಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು.

ಮಳವಳ್ಳಿ ಕಡೆ ಕಾವೇರಿಯೇ ಸೀಳಿ ಮಾಡಿದ ಶಿವನಸಮುದ್ರ ದೊಡ್ಡ ದ್ವೀಪ. ಆದರೆ ಅಲ್ಲಿಗೆ ಹೋಗುವವರ ಕಣ್ಣೆಲ್ಲ ಗಗನಚುಕ್ಕಿ ಜಲಪಾತದ ಮೇಲೆಯೇ. ಜಿಲ್ಲೆಯ ಹಕ್ಕಿಗಳ ಮಾತು ಬಂದಾಗ ರಂಗನತಿಟ್ಟು, ಕೊಕ್ಕರೆಬೆಳ್ಳೂರುಗಳಷ್ಟು ಅದರ ಹೆಸರು ಕೇಳಿಬರುವುದಿಲ್ಲ.

ಮಾರಿಷಸ್‌ನ ಪಾಠವನ್ನು ಮದ್ದೂರಿಗೆ ನೇರವಾಗಿ ಒಗ್ಗಿಸಲಾಗದು. ಹೆಜ್ಜಾರ್ಲೆ ಹಾರಬಲ್ಲದು, ಒಂದು ಊರು ಕೆಟ್ಟರೆ ಇನ್ನೊಂದಕ್ಕೆ ಹೋಗಬಲ್ಲದು. ಅದರ ಕಷ್ಟ ಬೇರೆ ಬಗೆಯದು: ಮೇವಿನ ಕೆರೆಗಳು ದೂರ ದೂರ ಚದುರಿವೆ, ಗೂಡಿನ ಮರ ಖಾಸಗಿ ಸ್ವತ್ತು. 2017–18ರ ಹಂಗಾಮಿನಲ್ಲಿ ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಾಗ ಮೀನಿನಿಂದ ಬರುವ ಜಂತುಹುಳುಗಳತ್ತ ಬೆರಳು ಹೋಯಿತು. ಊರಿನ ಮರ ಕಾದರಷ್ಟೇ ಸಾಲದು, ಹಕ್ಕಿ ಮೇಯುವ ಕೆರೆಯ ಮೀನನ್ನೂ ನೋಡಬೇಕು ಎಂಬ ಮಾತು ಅಲ್ಲಿಂದ ಎದ್ದಿತು. ಅತ್ತ ಹುಣಸೆ ಮರದ ಒಡೆಯನ ಲೆಕ್ಕವಂತೂ ಹಳೆಯದೇ: ಇಲಾಖೆ ಕೊಡುವ ಪರಿಹಾರ ಒಂದು ಕಡೆ, ಹಣ್ಣಿನ ಮತ್ತು ಮರದ ಬೆಲೆ ಇನ್ನೊಂದು ಕಡೆ.