ನೆಲದ ಮೇಲಿನ ಇಪ್ಪತ್ತೈದು ಮನೆ

ಕರ್ನಾಟಕದ ವಿಡಿಯೊ ಗೇಮ್ ಇತಿಹಾಸವನ್ನು ಹೇಳುವವರು ಸಾಮಾನ್ಯವಾಗಿ ಬೆಂಗಳೂರಿನಿಂದ ಶುರುಮಾಡುತ್ತಾರೆ. 1997ರಲ್ಲಿ ಅಲ್ಲಿ ಧ್ರುವ ಇಂಟರ್‌ಆ್ಯಕ್ಟಿವ್ ಸಂಸ್ಥೆ ಹುಟ್ಟಿತು, 2012ರಲ್ಲಿ ರಾಜ್ಯ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ಒಂದು ನೀತಿ ತಂದಿತು, ಹೀಗೆ ಕಥೆ ಸಾಗುತ್ತದೆ. ಉದ್ಯಮದ ಕಥೆಯಾಗಿ ಇದು ಸರಿಯೇ. ಆದರೆ ಆಟ ಮಾಡುವ ವಿದ್ಯೆಯ ಕಥೆಯೂ ಇದೇ ಎಂದುಕೊಂಡಾಗ ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆಯ ಮಕ್ಕಳಿಗೆ ಅನ್ಯಾಯವಾಗುತ್ತದೆ. ಮೊದಲ ಸಲ ಎರಡು ಆಯಾಮದ ಒಂದು ಗೇಮ್ ಮಾಡಲು ಕೂತವರಿಗೆ, ತಮ್ಮ ಊರಲ್ಲಿ ಬೇರೇ ಇಲ್ಲದ ಕೆಲಸಕ್ಕೆ ಕೈ ಹಾಕಿದ್ದೇವೆ ಅನ್ನಿಸಿಬಿಡುತ್ತದೆ. ನಾನು ಹೇಳಹೊರಟಿರುವುದು ಇದಕ್ಕೆ ತೀರಾ ವಿರುದ್ಧವಾದ ಮಾತು. ಸಮತಟ್ಟಾದ ಜಾಗದಲ್ಲಿ ಮನೆಗಳನ್ನು ಬರೆದು, ಕಾಯಿ ಹೂಡಿ, ನಿಯಮ ಗೊತ್ತುಮಾಡಿ ಆಟವನ್ನು ನಿಲ್ಲಿಸುವ ಕೆಲಸ ಈ ಸೀಮೆಯಲ್ಲಿ ಆಡುವವರೇ ಮಾಡಿಕೊಳ್ಳುತ್ತಿದ್ದ ಕೆಲಸವಾಗಿತ್ತು. ಅದು ಕೈತಪ್ಪಿ ಬಹಳ ಕಾಲವೇನೂ ಆಗಿಲ್ಲ.

ಚೌಕಾಬಾರವನ್ನೇ ತೆಗೆದುಕೊಳ್ಳೋಣ. ಪಡಸಾಲೆಯ ಫರಸಿ ಮೇಲೆ ಸುಣ್ಣದ ಕಡ್ಡಿಯಿಂದಲೋ ಇದ್ದಲಿಯಿಂದಲೋ ಒಂದು ಚೌಕ ಬರೆದು, ಅಡ್ಡ ಐದು ಉದ್ದ ಐದು ಮಾಡಿ, ಇಪ್ಪತ್ತೈದು ಮನೆ ಹಾಕಬೇಕು. ನಾಲ್ಕು ಬದಿಯ ನಡುವಿನ ಮನೆಗೆ ಮತ್ತು ಒಳಗಿನ ನಟ್ಟನಡುವಿನ ಮನೆಗೆ ಕಾಟು ಹೊಡೆದರೆ ಅವು ಕಟ್ಟೆಗಳು, ಅಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಕಾಯಿಗೆ ಬಳೆಚೂರು, ಹಂಚಿನ ಚೂರು, ಕಡ್ಡಿ, ಏನಾದರೂ ಆದೀತು. ಎಸೆಯಲು ನಾಲ್ಕು ಕವಡೆ. ಮಾಲ್ಡೀವ್ಸ್ ಕಡೆಯ ಕಡಲಿನಿಂದ ಬರುತ್ತಿದ್ದ ಕವಡೆ ಈ ಒಣನಾಡಿನಲ್ಲಿ ಎಲ್ಲರ ಮನೆಯಲ್ಲೂ ಇರುವ ವಸ್ತುವಲ್ಲ. ಇಲ್ಲದವರು ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿಕೊಳ್ಳುತ್ತಿದ್ದರು. ಇಷ್ಟಾದ ಮೇಲೇ ಆಟ. ಅಂದರೆ ಪಟ, ಕಾಯಿ, ದಾಳ ಮೂರನ್ನೂ ಆಡುವವರೇ ಸಿದ್ಧಮಾಡಬೇಕು. ಪಟ ಬರೆಯಲು ಬಾರದವರಿಗೆ ಆಟ ಅರ್ಧ ಮಾತ್ರ ಬರುತ್ತದೆ. ಹುಲಿ–ಕುರಿ ಆಟದಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಗೆರೆಗಳೇ ದಾರಿ. ಒಂದು ಗೆರೆ ತಪ್ಪಿ ಬಿದ್ದರೆ ಹುಲಿಗೆ ಹಾರಲು ಹೊಸ ಜಾಗ ಸಿಗುತ್ತದೆ, ಕುರಿಗಳ ಕಡೆಯವರು ಸೋಲುತ್ತಾರೆ.

ಇದಕ್ಕೆ ಪುರಾವೆ ಎಲ್ಲಿ ಎಂದು ಇತಿಹಾಸಕಾರರು ಕೇಳುವುದು ಸಹಜ. ಸುಣ್ಣದ ಗೆರೆ ಸಂಜೆಯ ಕಸಬರಿಗೆಗೆ ಅಳಿದುಹೋಗುತ್ತದೆ. ಗೋಲಗುಂಬಜ್ 1656ರಿಂದ ನಿಂತಿದೆ, ಅದರ ನೆರಳಲ್ಲಿ ಬರೆದ ಯಾವ ಪಟವೂ ಆ ಲೆಕ್ಕದಲ್ಲಿ ಉಳಿಯಲಾರದು. ಆದರೂ ಕೈಗೆ ಸಿಗುವ ಆಧಾರಗಳು ಕಡಿಮೆಯಿಲ್ಲ. ತರ್ದವಾಡಿ ಸಾವಿರ ಎನಿಸಿಕೊಂಡಿದ್ದ ಈ ಪ್ರದೇಶವನ್ನು ಆಳಿದ ಕಲ್ಯಾಣ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದ ಕ್ರೀಡಾವಿಂಶತಿಯಲ್ಲಿ ಚದುರಂಗಕ್ಕೂ ಪಗಡೆದಾಳಕ್ಕೂ ಕವಡೆಯಾಟಕ್ಕೂ ಬೇರೆ ಬೇರೆ ಅಧ್ಯಾಯಗಳಿವೆ. ಹಂಪಿಯ ಗುಡಿ–ಮಂಟಪಗಳ ನೆಲದಲ್ಲಿ ಉಳಿಯಿಂದ ಕೊರೆದ ಆಟದ ಮನೆಗಳನ್ನು ಇಂದಿಗೂ ಕಾಣಬಹುದು. ಗ್ರಂಥ ಅರಮನೆಯದು, ಕೊರೆದ ಕಲ್ಲು ಸಾರ್ವಜನಿಕರದು. ಇವೆರಡರ ನಡುವೆ ಅಳಿಸಿಹೋದ ಪಟಗಳು ಲೆಕ್ಕವಿಲ್ಲದಷ್ಟು ಇದ್ದವು ಎಂದು ಊಹಿಸಲು ಮೂರನೆಯ ಆಧಾರವೊಂದಿದೆ, ನನ್ನ ಪಾಲಿಗೆ ಅದೇ ಬಲವಾದದ್ದು: ನಿಯಮಗಳ ವೈವಿಧ್ಯ. ಒಂದು ಕಡೆ ಐದು ಮನೆಯ ಸಾಲು, ಇನ್ನೊಂದು ಕಡೆ ಏಳು. ಕೆಲವರಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ, ಕೆಲವರಲ್ಲಿ ಆ ಕಟ್ಟು ಇಲ್ಲ. ಹುಲಿಗಳೆಷ್ಟು ಕುರಿಗಳೆಷ್ಟು ಎಂಬುದೂ ಊರಿಂದ ಊರಿಗೆ ಬದಲು. ಒಂದೇ ಕಡೆ ಅಚ್ಚಾಗಿ ಹಂಚಿಹೋದ ಆಟ ಹೀಗೆ ಕವಲೊಡೆಯುವುದಿಲ್ಲ. ಕೈಯಿಂದ ಕೈಗೆ ದಾಟುತ್ತ, ದಾಟುವಾಗಲೆಲ್ಲ ಯಾರೋ ತಿದ್ದುತ್ತ ಬಂದದ್ದಕ್ಕೆ ಮಾತ್ರ ಇಷ್ಟು ಕವಲು.

ಇದೆಲ್ಲ ಹಿರಿಯರು ತೋರಿದ್ದರ ನಕಲು, ಇದರಲ್ಲಿ ರಚನೆ ಎಲ್ಲಿ ಬಂತು ಎಂದು ಆಕ್ಷೇಪಿಸಬಹುದು. ಹೊಸ ಆಟ ಕಟ್ಟಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರಂಥವರು, ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೇ ಒಂದು ಕೌತುಕನಿಧಿ ಇದೆ, ಹಳ್ಳಿಯವರದು ಬರೀ ಬಳಕೆ ಎನ್ನುವ ವಾದವದು. ಆದರೆ ನಕಲು ಮಾಡುವುದರಲ್ಲಿ ಎಷ್ಟು ತಿಳಿವಳಿಕೆ ಅಡಗಿದೆ ಎಂಬುದು ಅದನ್ನು ಕಂಪ್ಯೂಟರಿಗೆ ಹೇಳಹೊರಟಾಗಲೇ ಗೊತ್ತಾಗುವುದು. ಚೌಕಾಬಾರದಲ್ಲಿ ಬೀಳುವ ಗರ ಐದು: ಒಂದು, ಎರಡು, ಮೂರು, ಚೌಕ ಎಂದರೆ ನಾಲ್ಕು, ಬಾರ ಎಂದರೆ ಎಂಟು. ಹೊಸಬರು ಈ ಐದರಲ್ಲಿ ಒಂದನ್ನು ಎತ್ತಿಕೋ ಎಂದು ಪ್ರೋಗ್ರಾಮ್ ಬರೆದರೆ ಐದಕ್ಕೊಂದು ಸಲ ಬಾರ ಬೀಳುತ್ತದೆ. ನಾಲ್ಕು ಕವಡೆ ಸಮನಾಗಿ ಬೀಳುತ್ತವೆ ಎಂದಿಟ್ಟುಕೊಂಡರೆ ಒಟ್ಟು ಬೀಳುವ ಬಗೆ 16. ಅದರಲ್ಲಿ ಬಾರಕ್ಕೆ ಒಂದೇ, ಚೌಕಕ್ಕೆ ಒಂದೇ, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು, ಎರಡಕ್ಕೆ ಆರು. ಅಂದರೆ ಆ ಪ್ರೋಗ್ರಾಮಿನಲ್ಲಿ ಬಾರ ಮೂರು ಪಟ್ಟು ಅಗ್ಗವಾಯಿತು, ಆಟದ ರುಚಿ ಹೋಯಿತು. ಕವಡೆಯಾದರೋ ಎರಡೂ ಮಗ್ಗುಲಿಗೆ ಸಮನಾಗಿ ಬೀಳುವ ವಸ್ತುವಲ್ಲ, ತಿಕ್ಕಿದ ಹುಣಸೆ ಬೀಜವಂತೂ ಅಲ್ಲವೇ ಅಲ್ಲ. ಬೀಜ ಎಷ್ಟು ತಿಕ್ಕಬೇಕು ಎಂದು ನಿರ್ಧರಿಸಿದ ಕೈ ಆಟದ ತೂಕವನ್ನೇ ನಿರ್ಧರಿಸುತ್ತಿತ್ತು. ಹಾಗೆಯೇ ಕಾಯಿಯ ದಾರಿ. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ ಎದುರು ದಿಕ್ಕಿಗೆ 8, ನಡುವೆ 1. ನಾಲ್ವರಿಗೆ ನಾಲ್ಕು ದಾರಿ ಬರೆಯಬೇಕಾಗಿಲ್ಲ. ಒಂದೇ ದಾರಿಯನ್ನು ಹೊರಗೆ ನಾಲ್ಕು ಮನೆ, ಒಳಗೆ ಎರಡು ಮನೆ ಸರಿಸುತ್ತ ಹೋದರೆ ಮುಗಿಯಿತು. ಯಾರು ಎಲ್ಲಿ ಕೂತರೂ ಇಪ್ಪತ್ತನಾಲ್ಕು ಹೆಜ್ಜೆಗೇ ಕಾಯಿ ನಡುಮನೆ ಸೇರಿ ಹಣ್ಣಾಗಬೇಕು ಎಂಬ ನ್ಯಾಯವನ್ನು ಐದರ ಚೌಕದೊಳಗೆ ಕೂಡಿಸಿಟ್ಟವರನ್ನು ಬರೀ ಬಳಕೆದಾರರು ಎನ್ನಲು ನನಗೆ ಮನಸ್ಸಿಲ್ಲ.

ಆಟಕ್ಕೆ ಚಿತ್ರವೂ ಬೇಕು. ಅದಕ್ಕೆ ಬೇಕಾದ ಕಣ್ಣು ಈ ಭಾಗದಲ್ಲಿ ಪಟದಿಂದ ಬಂದದ್ದಲ್ಲ, ಕಸೂತಿಯಿಂದ ಬಂದದ್ದು. ಧಾರವಾಡದಿಂದ ವಿಜಯಪುರದವರೆಗೆ ಹೆಣ್ಣುಮಕ್ಕಳು ಇಳಕಲ್ ಸೀರೆಯ ಮೇಲೆ ಹಾಕುತ್ತಿದ್ದ ಗವಂತಿ, ಮುರಗಿ, ನೇಗಿ, ಮೆಂತ್ಯೆ ಹೊಲಿಗೆಗಳಲ್ಲಿ ಮೊದಲು ನಕ್ಷೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆ ಎಣಿಸುತ್ತ ಆನೆ, ರಥ, ನವಿಲು, ತುಳಸಿಕಟ್ಟೆ ಮೂಡಿಸಬೇಕು. ದುಂಡನೆಯ ಬೆನ್ನನ್ನು ಮೆಟ್ಟಿಲುಮೆಟ್ಟಿಲಾಗಿ ಒಡೆಯಬೇಕು. ಸಣ್ಣ ಚೌಕಗಳನ್ನು ತುಂಬಿ ಗೇಮಿನ ಗೊಂಬೆ ಬರೆಯುವವರ ಇಕ್ಕಟ್ಟೂ ಇದೇ, ಉಪಾಯವೂ ಇದೇ. 1985ರ ಸೂಪರ್ ಮಾರಿಯೊ ಬ್ರದರ್ಸ್ 40 ಕಿಲೋಬೈಟ್ ಜಾಗದಲ್ಲಿ ಹಿಡಿಯಬೇಕಾಗಿದ್ದರಿಂದ ಅದರಲ್ಲಿ ಮೋಡಕ್ಕೂ ಪೊದೆಗೂ ಒಂದೇ ಆಕಾರ, ಬಣ್ಣ ಮಾತ್ರ ಬೇರೆ. ಆ ಆಟದ ಹಂತಗಳನ್ನು ಶಿಗೆರು ಮಿಯಾಮೊಟೊ ಮೊದಲು ಬರೆದದ್ದು ಚೌಕಳಿ ಕಾಗದದ ಮೇಲೆ.

ಪಟದ ಆಟಕ್ಕೂ ವಿಡಿಯೊ ಗೇಮಿಗೂ ಇರುವ ದೊಡ್ಡ ವ್ಯತ್ಯಾಸವನ್ನು ಮುಚ್ಚಿಡುವಂತಿಲ್ಲ. ಫರಸಿಯ ಮೇಲಿನ ಕಾಯಿ ನಾವು ಎತ್ತಿಡುವವರೆಗೆ ಕಾಯುತ್ತದೆ. ಪರದೆಯ ಮೇಲಿನ ಚೆಂಡು ಕಾಯುವುದಿಲ್ಲ. ಸೆಕೆಂಡಿಗೆ ಅರವತ್ತು ಸಲ ಅದರ ಜಾಗ ಲೆಕ್ಕಹಾಕಬೇಕು, ಗೋಡೆಗೆ ತಾಗಿತೇ ನೋಡಬೇಕು. ಕಾಲದ ಈ ಲೆಕ್ಕ ಚೌಕಾಬಾರದಿಂದ ಕಲಿಯಲು ಬರುವುದಿಲ್ಲ, ಅದಕ್ಕೆ ಬೇರೆ ಪಾಠವೇ ಬೇಕು. 1972ರಲ್ಲಿ ಅಟಾರಿ ಸಂಸ್ಥೆಗೆ ಹೊಸದಾಗಿ ಸೇರಿದ ಅಲನ್ ಅಲ್ಕಾರ್ನ್‌ಗೆ ಅಭ್ಯಾಸಕ್ಕೆಂದು ಕೊಟ್ಟ ಕೆಲಸವೇ ‘ಪಾಂಗ್’ ಆಯಿತು. ಎರಡು ಹಲಗೆ, ಒಂದು ಚೆಂಡು, ಅಷ್ಟೆ. ಆದರೂ ಹೊಸಬರು ಸೋತು ಕೈಚೆಲ್ಲುವುದು ಚೆಂಡಿನ ಓಟಕ್ಕಿಂತ ನಿಯಮದ ಹಂತದಲ್ಲೇ ಹೆಚ್ಚು ಎಂದು ನನಗನ್ನಿಸುತ್ತದೆ. ಕಟ್ಟೆಯ ಮೇಲೆ ಇಬ್ಬರ ಕಾಯಿ ಕೂಡಬಹುದೇ, ಕಡಿದವರಿಗೆ ಇನ್ನೊಂದು ಗರವೇ, ಹಣ್ಣಾಗಲು ಎರಡು ಬೇಕಿದ್ದಾಗ ಮೂರು ಬಿದ್ದರೇನು, ಇಂಥವನ್ನು ಊರಲ್ಲಿ ಜಗಳವಾಡಿ ತೀರ್ಮಾನಿಸಬಹುದು. ಯಂತ್ರಕ್ಕೆ ಜಗಳ ಬಾರದು, ಎಲ್ಲವನ್ನೂ ಮೊದಲೇ ಹೇಳಿರಬೇಕು. ಆ ಜಗಳಗಳನ್ನು ಬಲ್ಲವರಿಗೆ ಏನೇನು ಹೇಳಬೇಕೆಂಬುದು ಗೊತ್ತಿರುತ್ತದೆ.

ಕವಡೆ, ಪಗಡೆ ಎಂದರೆ ಜೂಜು, ಅದಕ್ಕೆ ಗೌರವದ ಇತಿಹಾಸ ಬೇಡ ಎನ್ನುವವರಿದ್ದಾರೆ. ಪಣ ಒಡ್ಡಿದ ಆಟ ಮನೆ ಮುರಿದದ್ದು ಮಹಾಭಾರತದ ಕಾಲದಿಂದ ಗೊತ್ತಿರುವ ಸತ್ಯ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರಲ್ಲಿ ಸಂಸತ್ತು ಕಾಯ್ದೆ ಮಾಡಬೇಕಾಗಿ ಬಂದದ್ದೂ ಅದಕ್ಕೇ. ಆದರೆ ಪಡಸಾಲೆಯ ಚೌಕಾಬಾರದಲ್ಲಿ ಪಣವಿರಲಿಲ್ಲ, ಹೊತ್ತು ಮಾತ್ರ ಇತ್ತು. ಈ ರೂಢಿಯನ್ನು ಕೆಡಿಸಿದ್ದು ಜೂಜೂ ಅಲ್ಲ, ಅಚ್ಚಾಗಿ ಡಬ್ಬಿಯಲ್ಲಿ ಬಂದ ಪಟ. ನಮ್ಮ ಪಚ್ಚೀಸು ಇಂಗ್ಲೆಂಡಿಗೆ ಹೋಗಿ 1896ರಲ್ಲಿ ಲೂಡೊ ಎಂದು ಪೇಟೆಂಟ್ ಪಡೆದು, ಪ್ಲಾಸ್ಟಿಕ್ ಕಾಯಿಗಳ ಜೊತೆ ನಮ್ಮ ಪ್ಯಾಟಿಗೇ ಬಂದಿಳಿಯಿತು. ಈಗ ಅದು ಫೋನಿನಲ್ಲಿದೆ. ಡಬ್ಬಿಯ ಲೂಡೊದಲ್ಲಿ ಬರೆಯುವ ಕೆಲಸ ಹೋಯಿತು, ಫೋನಿನ ಲೂಡೊದಲ್ಲಿ ನಿಯಮ ತಿದ್ದುವ ಹಕ್ಕೂ ಹೋಯಿತು. ಆಡುವವರು ಕಡಿಮೆಯಾಗಿಲ್ಲ, ಮಾಡುವವರು ಕಡಿಮೆಯಾದರು. ನನ್ನನ್ನು ನಿಜಕ್ಕೂ ನೋಯಿಸುವ ಸಂಗತಿ ಇದೇ.

ಕೊನೆಯ ಆಕ್ಷೇಪ ಭಾಷೆಯದು. ಆಟ ಮಾಡುವ ಸಲಕರಣೆಗಳೆಲ್ಲ ಇಂಗ್ಲಿಷಿನವು, ತಿಕೋಟಾದ ಕನ್ನಡ ಶಾಲೆಯ ಹುಡುಗಿಗೆ ಅವು ದಕ್ಕುವುದು ಹೇಗೆ? ಈ ತೊಡಕು ನಿಜ, ಇಂದಿಗೂ ಪೂರ್ತಿ ಬಿಡಿಸಿಲ್ಲ. ಬಹುಕಾಲ ಗೇಮ್ ಎಂಜಿನ್ನುಗಳಲ್ಲಿ ಕನ್ನಡ ಬರೆದರೆ ಒತ್ತಕ್ಷರಗಳು ಅಕ್ಷರದ ಕೆಳಗೆ ಕೂಡದೆ ಪಕ್ಕಕ್ಕೆ ಸಿಡಿದು ಬೀಳುತ್ತಿದ್ದವು. ಉಚಿತವಾಗಿ ಸಿಗುವ ಗೊಡಾಟ್ ಎಂಜಿನ್ನು 2023ರ ನಾಲ್ಕನೇ ಆವೃತ್ತಿಯಲ್ಲಿ ಇಂಥ ಲಿಪಿಗಳನ್ನು ಜೋಡಿಸುವ ವ್ಯವಸ್ಥೆ ಅಳವಡಿಸಿಕೊಂಡಿತು. ಅದಾದ ಮೇಲೆ ಪರದೆಯ ಮೇಲೆ ‘ಕಟ್ಟೆ’ ಎಂದು ಬರೆದರೆ ಕಟ್ಟೆ ಎಂದೇ ಕಾಣುವಂತಾಯಿತು. ಹೀಗಿರುವಾಗ ಮೊದಲ ಗೇಮಿಗೆ ವಿಷಯ ಹುಡುಕುವ ಬಬಲೇಶ್ವರದ ಹುಡುಗ ಎಲ್ಲೋ ನೋಡಿದ ವಿಮಾನದ ಗುಂಡಾಟವನ್ನೇ ನಕಲು ಮಾಡಬೇಕಾಗಿಲ್ಲ. ಇಪ್ಪತ್ತೈದು ಮನೆ ಬರೆದು, ನಾಲ್ಕು ಕವಡೆಗೆ 16 ಬಗೆಯ ಲೆಕ್ಕ ಕೊಟ್ಟು, ಮನೆಯ ಹಿರಿಯರನ್ನು ಕೂಡಿಸಿಕೊಂಡು ಆಡಿಸಲಿ. ಮೂರು ಸಲ ಸಾಲಾಗಿ ಬಾರ ಬಿದ್ದರೆ ಗರ ಸುಟ್ಟುಹೋಗುತ್ತದೋ ಇಲ್ಲವೋ ಎಂಬ ಪ್ರಶ್ನೆ ಅಲ್ಲಿ ಎದ್ದೇ ಏಳುತ್ತದೆ, ಅವರ ಮನೆಯಲ್ಲಿ ಹೇಗೆ ಆಡುತ್ತಿದ್ದರೋ ಹಾಗೆ ಅವನು ಅದನ್ನು ಬರೆದುಕೊಳ್ಳಬೇಕು.